‘ಸ್ಕ್ರೂಟಿನೈಜ್’: ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥ ಮತ್ತು ಬಳಕೆ



ದ್ವಿತೀಯ ಪಿಯುಸಿ ತರಗತಿಯಲ್ಲಿ ಕರ್ಮಣಿ ಪ್ರಯೋಗ ಹೇಳಿಕೊಡುವಾಗ ಹಲಗೆಯ ಮೇಲೆ ಒಂದು ವಾಕ್ಯ ಬರೆದಿದ್ದೆ: ‘ದಿ ಆಫೀಸರ್ ಸ್ಕ್ರೂಟಿನೈಜ್ಡ್ ದಿ ಫಾರ್ಮ್ಸ್’. ಇದನ್ನು ಕರ್ಮಣಿಗೆ ತಿರುಗಿಸುವುದು ಹೆಚ್ಚುಕಡಿಮೆ ಎಲ್ಲರಿಗೂ ಬಂತು. ಆದರೆ ಅರ್ಥ ಏನು ಎಂದು ಕೇಳಿದಾಗ ಮೂರು ಉತ್ತರ ಬಂದವು. ಕೆಲವರು ‘ಅಧಿಕಾರಿ ಫಾರ್ಮ್ ನೋಡಿದರು’ ಎಂದರು. ಇನ್ನು ಕೆಲವರು ‘ಚೆಕ್ ಮಾಡಿದರು’ ಎಂದರು. ಹಿಂದಿನ ಬೆಂಚಿನಿಂದ ಒಬ್ಬ, ‘ತಪ್ಪು ಹುಡುಕಿ ರಿಜೆಕ್ಟ್ ಮಾಡಿದ್ರು ಅಂತಲ್ರೀ ಸರ್?’ ಎಂದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಆ ಮೂರನೆಯ ಉತ್ತರದಲ್ಲಿ ನಗುವಂಥದ್ದು ಕಾಣಲಿಲ್ಲ. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ಮನೆಯ ಮಗ ಕೊಡುವ ಉತ್ತರವೇ ಅದು. ನಿಘಂಟಿನಲ್ಲಿ ಆ ಅರ್ಥ ಇಲ್ಲ. ಯಾಕೆ ಇಲ್ಲ ಎಂಬುದನ್ನು ತರಗತಿಯ ನಲವತ್ತೈದು ನಿಮಿಷದಲ್ಲಿ ಹೇಳಿ ಮುಗಿಸಲು ಆಗಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಉಚ್ಚಾರ. ನಮ್ಮ ಕಡೆ ‘ಸ್ಕೂಲ್’ ಎನ್ನುವುದು ‘ಇಸ್ಕೂಲ್’ ಆಗುವಂತೆ ಈ ಪದವೂ ‘ಇಸ್ಕ್ರೂಟಿನೈಜ್’ ಆಗಿಬಿಡುತ್ತದೆ. ಉರ್ದು ಮನೆಮಾತಿನವರಿಗೂ ಕನ್ನಡ ಮನೆಮಾತಿನವರಿಗೂ ಈ ಅಭ್ಯಾಸ ಸಮನಾಗಿದೆ, ಯಾರೂ ಯಾರನ್ನೂ ಆಡಿಕೊಳ್ಳುವಂತಿಲ್ಲ. ಮುಂದೆ ‘ಇ’ ಸೇರಿಸದೆ, ನಾಲಿಗೆಯನ್ನು ನೇರವಾಗಿ ‘ಸ್’ ಮೇಲಿಟ್ಟು, ‘ಸ್ಕ್ರೂ’ ಎಂಬ ಮೊದಲ ಭಾಗಕ್ಕೆ ಒತ್ತು ಕೊಟ್ಟು ಹೇಳಿ. ಕಾಗುಣಿತದಲ್ಲಿ ಕೊನೆಗೆ ‘ಎಸ್’ ಹಾಕಿದರೂ ಸರಿ, ‘ಜೆಡ್’ ಹಾಕಿದರೂ ಸರಿ. ಒಂದೇ ಉತ್ತರಪತ್ರಿಕೆಯಲ್ಲಿ ಒಮ್ಮೆ ಅದು, ಒಮ್ಮೆ ಇದು ಬೇಡ. ನಾಮಪದ ‘ಸ್ಕ್ರೂಟಿನಿ’.

ಅರ್ಥವನ್ನು ಒಂದು ಸಾಲಿನಲ್ಲಿ ಹೇಳುವುದಾದರೆ: ಒಂದು ವಸ್ತುವನ್ನೋ ಕಾಗದವನ್ನೋ ಮಾತನ್ನೋ, ಅದರ ಯಾವ ಭಾಗವನ್ನೂ ಬಿಡದೆ, ಬಹಳ ಎಚ್ಚರದಿಂದ ಪರಿಶೀಲಿಸುವುದು. ಈ ವಿವರಣೆಯಲ್ಲಿ ಜೀವ ಇರುವುದು ‘ಯಾವ ಭಾಗವನ್ನೂ ಬಿಡದೆ’ ಎಂಬಲ್ಲಿ. ನಿಮ್ಮ ಮನೆಯಲ್ಲಿ ತಾಯಿ ಅಕ್ಕಿ ಹಸನು ಮಾಡುವುದನ್ನು ನೋಡಿದ್ದೀರಿ, ದಖನಿಯಲ್ಲಿ ಅದನ್ನೇ ‘ಚಾವಲ್ ಚುನ್ನಾ’ ಎನ್ನುತ್ತೀರಿ. ಮರದಲ್ಲಿ ಅಕ್ಕಿ ಹರಡಿ, ಬೆರಳಿನಿಂದ ಒಂದು ಬದಿಯಿಂದ ಇನ್ನೊಂದು ಬದಿಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಗುತ್ತಾರೆ. ಕಲ್ಲು ಕಂಡರೆ ತೆಗೆಯುತ್ತಾರೆ, ನೆಲ್ಲು ಕಂಡರೆ ತೆಗೆಯುತ್ತಾರೆ. ಕಲ್ಲಿನ ಹಾಗೆ ಕಂಡದ್ದು ಅಕ್ಕಿಯೇ ಆಗಿದ್ದರೆ ಅಲ್ಲೇ ಬಿಡುತ್ತಾರೆ. ಒಂದು ಹಿಡಿಯನ್ನೂ ನೋಡದೆ ದಾಟಿಸುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಹೊಂದುವ ಕ್ರಿಯಾಪದ ‘ಸ್ಕ್ರೂಟಿನೈಜ್’. ಇದರ ಪಕ್ಕದಲ್ಲಿ ಹತ್ತಿ ಮಾರುಕಟ್ಟೆಯ ವ್ಯಾಪಾರಿಯನ್ನು ಇಟ್ಟು ನೋಡಿ. ಆತ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಎಳೆದು, ಎಳೆಯ ಉದ್ದ ನೋಡಿ, ಕಸ ಎಷ್ಟಿದೆ, ಹಸಿ ಎಷ್ಟಿದೆ ಎಂದು ಅಂದಾಜು ಮಾಡಿ ದರ ಹೇಳುತ್ತಾನೆ. ಅದು ‘ಇನ್‌ಸ್ಪೆಕ್ಟ್’ ಅಥವಾ ‘ಎಕ್ಸಾಮಿನ್’. ಒಂದು ಹಿಡಿಯಿಂದ ಇಡೀ ಚೀಲವನ್ನು ಅಳೆಯುವುದು ಸ್ಕ್ರೂಟಿನಿ ಅಲ್ಲ. ಆ ಹೊತ್ತಿನಲ್ಲಿ ಚೀಲದ ಒಡೆಯನ ಮುಖ ನೋಡಿದವರಿಗೆ ಈ ವ್ಯತ್ಯಾಸ ವ್ಯಾಕರಣ ಪುಸ್ತಕವಿಲ್ಲದೆಯೂ ತಿಳಿಯುತ್ತದೆ.

ಪದದ ಹುಟ್ಟು ಇನ್ನೂ ಸ್ವಾರಸ್ಯವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ಸ್ಕ್ರೂಟ’ ಎಂದರೆ ಹರಕು ಬಟ್ಟೆ, ಚಿಂದಿ, ಮುರುಕು ಸಾಮಾನು. ಅದರಿಂದ ‘ಸ್ಕ್ರೂಟಾರಿ’, ಅಂದರೆ ಹುಡುಕಿ ನೋಡುವುದು. ಕಸದ ರಾಶಿಯಲ್ಲಿ ಬೆಲೆಯುಳ್ಳದ್ದು ಏನಾದರೂ ಇದೆಯೇ ಎಂದು ಚಿಂದಿ ಆಯುವವನು ಒಂದೊಂದನ್ನೇ ಎತ್ತಿ ನೋಡುವ ಕೆಲಸದಿಂದ ಈ ಮಾತು ಬಂದಿರಬೇಕು ಎಂದು ಪದಗಳ ಚರಿತ್ರೆ ಬರೆದವರು ಊಹಿಸುತ್ತಾರೆ. ಇಂಗ್ಲಿಷಿಗೆ ಮೊದಲು ಬಂದದ್ದು ‘ಸ್ಕ್ರೂಟಿನಿ’ ಎಂಬ ನಾಮಪದ, ಅದೂ ಮತ ಹಾಕಿ ಆರಿಸುವ ಸಂದರ್ಭದಲ್ಲಿ. ‘ಸ್ಕ್ರೂಟಿನೈಜ್’ ಎಂಬ ಕ್ರಿಯಾಪದ 17ನೇ ಶತಮಾನದ್ದು. ಇಲ್ಲಿ ಒಂದು ಮಾತು ಗಮನಿಸಿ. ಚಿಂದಿ ಆಯುವವನು ರಾಶಿಯ ಮುಂದೆ ಕೂರುವುದು ಎಸೆಯಲು ಅಲ್ಲ, ಉಳಿಸಿಕೊಳ್ಳಲು. ಬೇರೆಯವರು ಕಸ ಎಂದು ಬಿಟ್ಟದ್ದರಲ್ಲಿ ಅವನು ಬೆಲೆ ಹುಡುಕುತ್ತಾನೆ. ಹಿಂದಿನ ಬೆಂಚಿನ ಹುಡುಗ ಹೇಳಿದ ‘ರಿಜೆಕ್ಟ್’ ಈ ಪದದ ಬೇರಿನಲ್ಲೇ ಇಲ್ಲ.

ನಮ್ಮ ಭಾಷೆಗಳಲ್ಲಿ ಇದೇ ಕೆಲಸಕ್ಕೆ ಇರುವ ಪದಗಳನ್ನೂ ಸ್ವಲ್ಪ ಬಿಚ್ಚಿ ನೋಡೋಣ. ‘ತನಿಖೆ’ ಎಂಬುದು ಅಚ್ಚಗನ್ನಡದ ಮಾತೆಂದೇ ಹಲವರು ತಿಳಿದಿದ್ದಾರೆ. ಅದು ಅರಬ್ಬಿಯ ‘ತನ್‌ಕೀಹ್’, ಉರ್ದುವಿನ ದಾರಿಯಿಂದ ಕನ್ನಡಕ್ಕೆ ಬಂದಿದೆ. ಅರಬ್ಬಿಯಲ್ಲಿ ಅದಕ್ಕೆ ಗಿಡದ ಬೇಡದ ರೆಂಬೆ ಸವರಿ ಓರಣ ಮಾಡುವುದು, ಬರಹವನ್ನು ತಿದ್ದಿ ಹದಗೊಳಿಸುವುದು ಎಂಬ ಅರ್ಥಗಳಿವೆ. ತಮಿಳಿನವರು ಲೆಕ್ಕಪರಿಶೋಧನೆಗೆ ‘ತಣಿಕ್ಕೈ’ ಎನ್ನುವುದೂ ಇದೇ ಮಾತನ್ನು. ‘ಪರೀಕ್ಷೆ’ ಸಂಸ್ಕೃತದ್ದು: ‘ಪರಿ’ ಎಂದರೆ ಸುತ್ತಲೂ, ‘ಈಕ್ಷ್’ ಎಂದರೆ ನೋಡು. ಸುತ್ತು ಹಾಕಿ ನೋಡುವುದೇ ಪರೀಕ್ಷೆ. ಮೂರು ಗಂಟೆ ಕೂತು ಬರೆಯುವುದಕ್ಕೆ ಆ ಹೆಸರು ಯಾಕೆ ಬಂತೋ, ಅದು ಬೇರೆ ಚರ್ಚೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಕೂಲಂಕಷ’. ‘ಕೂಲಂಕಷವಾಗಿ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದು ಸರ್ಕಾರಿ ಪತ್ರಗಳಲ್ಲಿ ಬರುತ್ತದಲ್ಲ, ಅದೇ. ಬರೆದವರಿಗೂ ಓದಿದವರಿಗೂ ಆ ಪದ ಒಳಗೆ ಏನು ಹೇಳುತ್ತದೆ ಎಂಬ ನೆನಪು ಇರುವುದಿಲ್ಲ. ಕೂಲ ಎಂದರೆ ದಡ, ಕಷ ಎಂದರೆ ಉಜ್ಜುವುದು. ಎರಡೂ ದಡಗಳನ್ನು ಉಜ್ಜಿಕೊಂಡು ಹರಿಯುವ ನದಿಯೇ ಕೂಲಂಕಷ. ನಮ್ಮ ತಾಲೂಕಿನ ಅಂಚಿನಲ್ಲೇ ಕೃಷ್ಣೆ ಹರಿಯುತ್ತಾಳೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣದಾಗಿ ದಾರಿ ಮಾಡಿಕೊಂಡು ಹೋಗುವ ನದಿ, ಮಳೆಗಾಲದಲ್ಲಿ ಮೇಲಿನ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಈ ದಡದಿಂದ ಆ ದಡದವರೆಗೆ ಒಂದು ಇಂಚನ್ನೂ ಬಿಡದೆ ತುಂಬಿ ಹರಿಯುವುದನ್ನು ತಿಂಥಣಿ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ನೀವು ನೋಡಿರುತ್ತೀರಿ. ಓದಿದ ಪುಟದ ಮೇಲೆ ಕಣ್ಣು ಹಾಗೆ ಹರಿದರೆ ಅದು ಸ್ಕ್ರೂಟಿನಿ. ನಾವು ಸಾಮಾನ್ಯವಾಗಿ ಪುಸ್ತಕ ಓದುವುದು ಬೇಸಿಗೆಯ ಕೃಷ್ಣೆಯಂತೆ, ನಡುವೆ ಮಾತ್ರ.

ಈ ಕ್ರಿಯಾಪದಕ್ಕೆ ದೊಡ್ಡ ಉದಾಹರಣೆ ಬೇಕಾದರೆ ಲಂಡನ್ನಿಗೆ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯ ಮಸ್ಕಿಗೆ ಹೋದರೆ ಸಾಕು. ಇತಿಹಾಸದ ವಿದ್ಯಾರ್ಥಿಗಳಿಗೆ ‘ಮಸ್ಕಿ ಶಾಸನದಲ್ಲಿ ಅಶೋಕನ ಹೆಸರಿದೆ’ ಎಂಬ ಒಂದು ಅಂಕದ ಉತ್ತರ ಬಾಯಿಪಾಠ ಇದೆ. ಆ ಒಂದು ಅಂಕದ ಹಿಂದೆ ಎಂಬತ್ತು ವರ್ಷಗಳಷ್ಟು ಪರಿಶೀಲನೆ ಇದೆ.

1837ರಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ಕಂಬಗಳ ಮೇಲೆ, ಬಂಡೆಗಳ ಮೇಲೆ ಇದ್ದ ಆ ಬರಹಗಳು ಒಬ್ಬ ರಾಜನ ಮಾತುಗಳು ಎಂದು ತಿಳಿಯಿತು. ಆದರೆ ರಾಜ ಯಾರು? ಬರಹದಲ್ಲಿ ಇದ್ದದ್ದು ‘ದೇವಾನಂಪಿಯ ಪಿಯದಸಿ’, ಅಂದರೆ ದೇವರುಗಳಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಇವು ಬಿರುದುಗಳಂತಿವೆ. ‘ದೇವಾನಂಪಿಯ’ ಎಂದು ಸಿಂಹಳದ ತಿಸ್ಸ ಎಂಬ ರಾಜನನ್ನೂ ಕರೆಯುತ್ತಿದ್ದರು, ಆದ್ದರಿಂದ ಪ್ರಿನ್ಸೆಪ್ ಮೊದಲು ಅವನೇ ಇರಬಹುದೆಂದು ಯೋಚಿಸಿದ. ಅದೇ ವರ್ಷ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥದಲ್ಲಿ ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂಬುದನ್ನು ಕಂಡ. ಹೀಗೆ ಪಿಯದಸಿಯೇ ಅಶೋಕ ಎಂಬ ತೀರ್ಮಾನ ನಿಂತಿತು. ಆದರೆ ಅದು ನಿಂತದ್ದು ನೂರಾರು ವರ್ಷಗಳ ನಂತರ, ಬೇರೆ ನಾಡಿನಲ್ಲಿ ಬರೆದ ಒಂದು ಪುಸ್ತಕದ ಸಾಕ್ಷಿಯ ಮೇಲೆ. ಕಲ್ಲು ಸ್ವತಃ ಆ ಹೆಸರು ಹೇಳಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನಗಳನ್ನು ಪತ್ತೆ ಮಾಡಿದಾಗಲೂ ಬಂದದ್ದು ‘ದೇವಾನಂಪಿಯ’ ಮಾತ್ರ.

1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಎಂಬಾತ ಮಸ್ಕಿಯ ಗುಡ್ಡದಲ್ಲಿ ಬರಹವಿದ್ದ ಬಂಡೆಯನ್ನು ಕಂಡ. ಆಗ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಅಲ್ಲಿನ ಪುರಾತತ್ವ ಇಲಾಖೆ ಆರಂಭವಾಗಿ ಒಂದು ವರ್ಷವಾಗಿತ್ತಷ್ಟೇ. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಪಾಠವನ್ನು ಓದಿ ಸಂಪಾದಿಸಿದರು, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದು ಅದೇ ವರ್ಷ ಅಚ್ಚಾಯಿತು.

ಶಾಸನ ಓದುವುದೆಂದರೆ ಬಂಡೆಯ ಮುಂದೆ ನಿಂತು ಪುಸ್ತಕದಂತೆ ಓದುವುದಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು ಅಕ್ಷರದ ಕುಳಿಯೊಳಗೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿ ಸವರಿ ಪಡಿಯಚ್ಚು ತೆಗೆಯುತ್ತಾರೆ. ಕಾಗದ ಒಣಗಿದ ಮೇಲೆ ಕೆಲಸ ಶುರು. ಮಸ್ಕಿಯ ಬಂಡೆಯಲ್ಲಿ ಹಲವು ಅಕ್ಷರಗಳು ಸವೆದು ಹೋಗಿವೆ. ಯಾವುದು ಉಳಿಯಿಂದ ಕೊರೆದ ಗೆರೆ, ಯಾವುದು ಬಿಸಿಲು ಮಳೆಗೆ ಬಿಟ್ಟ ಬಿರುಕು ಎಂದು ಬೇರೆ ಮಾಡಬೇಕು. ಹೋದ ಅಕ್ಷರ ಯಾವುದಿರಬಹುದು ಎಂಬುದಕ್ಕೆ ಬ್ರಹ್ಮಗಿರಿಯಂಥ ಕಡೆ ಸಿಕ್ಕ ಇದೇ ಶಾಸನದ ಬೇರೆ ಪ್ರತಿಗಳ ಜೊತೆ ಇಟ್ಟು ನೋಡಬೇಕು. ಹಾಗೆ ನೋಡುತ್ತಾ ಹೋದಾಗ ಮೊದಲ ಸಾಲಿನಲ್ಲೇ ‘ದೇವಾನಂಪಿಯ’ದ ಪಕ್ಕದಲ್ಲಿ, ಬೇರೆ ಪ್ರತಿಗಳಲ್ಲಿ ಇಲ್ಲದ ಒಂದು ಮಾತು ಸಿಕ್ಕಿತು: ‘ಅಸೋಕ’. 78 ವರ್ಷ ಪುಸ್ತಕದ ಆಧಾರದಲ್ಲಿ ಹೇಳುತ್ತಿದ್ದುದನ್ನು ಕಲ್ಲೇ ಹೇಳಿತು. ಮುಂದೆ ಮಧ್ಯಪ್ರದೇಶದ ಗುಜರ್‍ರಾದಲ್ಲಿ, ನಮ್ಮ ನೆರೆಯ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿ ಸಿಕ್ಕ ಶಾಸನಗಳಲ್ಲೂ ಆ ಹೆಸರು ಬಂತು. ಮೊದಲು ಬಂದದ್ದು ಮಾತ್ರ ಮಸ್ಕಿಯಲ್ಲಿ. ಬಂಡೆ ನೋಡಿ ‘ಹಳೇ ಬರಹ’ ಎಂದು ಮುಂದೆ ಹೋದವರು ಎಷ್ಟು ತಲೆಮಾರು ಇದ್ದರೋ. ಅವರೆಲ್ಲ ನೋಡಿದವರೇ. ‘ನೋಡಿದರು’ ಎಂಬ ಮುಂದಿನ ಬೆಂಚಿನ ಉತ್ತರ ಸಾಲದು ಎಂದು ನಾನು ಹೇಳುವುದು ಇದಕ್ಕಾಗಿ.

ಮತ್ತೆ ಪತ್ರಿಕೆಗೆ ಬರೋಣ. ಚುನಾವಣೆ ಬಂದಾಗಲೆಲ್ಲ ‘ನಾಮಪತ್ರಗಳ ಸ್ಕ್ರೂಟಿನಿ’ ಎಂಬ ಸುದ್ದಿ ಇರುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 36ನೇ ಕಲಮಿಗೆ ಇರುವ ತಲೆಬರಹವೇ ‘ಸ್ಕ್ರೂಟಿನಿ’ ಎಂಬ ಪದದಿಂದ ಆರಂಭವಾಗುತ್ತದೆ. ರಾಜ್ಯಶಾಸ್ತ್ರದವರು ಆ ಕಲಮನ್ನು ಒಮ್ಮೆ ಓದಬೇಕು. ದೋಷ ಗಂಭೀರ ಸ್ವರೂಪದ್ದಲ್ಲದಿದ್ದರೆ ಅದೊಂದೇ ಕಾರಣಕ್ಕೆ ಚುನಾವಣಾಧಿಕಾರಿ ನಾಮಪತ್ರವನ್ನು ತಿರಸ್ಕರಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 33ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹೆಸರು ಬರೆಯುವಾಗ ಆದ ಲೇಖನದೋಷ, ಮುದ್ರಣದೋಷಗಳಿದ್ದರೂ, ಆ ವ್ಯಕ್ತಿ ಯಾರು ಎಂದು ಸಾಮಾನ್ಯವಾಗಿ ತಿಳಿಯುವಂತಿದ್ದರೆ ನಾಮಪತ್ರ ಕೆಡುವುದಿಲ್ಲ. ಅಂದರೆ ಕಾನೂನಿನ ಕಣ್ಣಿನಲ್ಲಿ ಸ್ಕ್ರೂಟಿನಿ ಮಾಡುವವನಿಗೆ ಎರಡು ಕೆಲಸ. ತಪ್ಪನ್ನು ಕಾಣುವುದು ಒಂದು. ಆ ತಪ್ಪು ಎಷ್ಟು ತೂಕದ್ದು ಎಂದು ತೂಗುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ಮಾಡುವವನು ಅರ್ಧ ಕೆಲಸ ಮಾಡಿದಂತೆ.

ಇದನ್ನು ಓದುವಾಗ ನಿಮ್ಮಲ್ಲಿ ಹಲವರಿಗೆ ನಿಮ್ಮ ಹೆಸರೇ ನೆನಪಾಗುತ್ತಿರಬಹುದು. ನಮ್ಮ ಭಾಗದ ಮುಸ್ಲಿಂ ಮನೆಗಳ ಹೆಸರುಗಳು ಕಾಗದದ ಮೇಲೆ ಪಡುವ ಪಾಡು ನಾನು ಪ್ರತಿವರ್ಷ ಪ್ರವೇಶದ ತಿಂಗಳಲ್ಲಿ ನೋಡುತ್ತೇನೆ. ಮನೆಯಲ್ಲಿ ಉರ್ದುವಿನಲ್ಲಿ ಇಟ್ಟ ಹೆಸರನ್ನು ಪ್ರಾಥಮಿಕ ಶಾಲೆಯ ಗುರುಗಳು ಕಿವಿಗೆ ಕೇಳಿದಂತೆ ಕನ್ನಡದಲ್ಲಿ ಬರೆದುಕೊಂಡಿರುತ್ತಾರೆ. ಅದನ್ನು ಮತ್ತೊಬ್ಬರು ಇಂಗ್ಲಿಷಿಗೆ ತಂದಿರುತ್ತಾರೆ. ‘ಮೊಹಮ್ಮದ್’ ಎಂಬ ಒಂದೇ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ‘ಎಂ ಡಿ’ ಎಂಬ ಎರಡೇ ಅಕ್ಷರ, ಮತ್ತೊಂದು ಕಡೆ ‘ಮಹಮ್ಮದ’. ಶಾಲೆಯ ದಾಖಲೆಯಲ್ಲಿ ‘ಖಾಜಾಸಾಬ’ ಆದವನು ಆಧಾರ್ ಕಾರ್ಡಿನಲ್ಲಿ ‘ಖಾಜಾ ಹುಸೇನ್’. ತಾಯಿಯ ಹೆಸರಿಗೆ ಒಂದು ಕಡೆ ‘ಬೇಗಂ’, ಒಂದು ಕಡೆ ‘ಬಿ’, ಒಂದು ಕಡೆ ಏನೂ ಇಲ್ಲ. ಊರಿನಲ್ಲಿ ಯಾರನ್ನು ಕೇಳಿದರೂ ಇವರೆಲ್ಲ ಒಬ್ಬರೇ ಎಂದು ಹೇಳುತ್ತಾರೆ. ಆದರೆ ವಿದ್ಯಾರ್ಥಿವೇತನದ ಅರ್ಜಿಯನ್ನು ತೆಗೆದುಕೊಳ್ಳುವ ಕಂಪ್ಯೂಟರಿಗೆ ಊರಿನವರು ಗೊತ್ತಿಲ್ಲ. ಅದು ಎರಡು ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸುತ್ತದೆ, ಹೊಂದದಿದ್ದರೆ ಕೆಂಪು ಗುರುತು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಪದ ‘ಮ್ಯಾಚ್’. ಕಂಪ್ಯೂಟರು ಮ್ಯಾಚ್ ಮಾಡುತ್ತದೆ, ತೂಗುವುದಿಲ್ಲ. ಒಂದು ಅಕ್ಷರದ ವ್ಯತ್ಯಾಸಕ್ಕೆ ವರ್ಷದ ಹಣ ನಿಂತುಹೋದ ಮಕ್ಕಳನ್ನು ನಾನು ಕಂಡಿದ್ದೇನೆ. ಅದರಲ್ಲಿ ಒಬ್ಬಳು ನನ್ನನ್ನು ಕೇಳಿದಳು: ‘ಸರ್, ಹೆಸರು ನಂದೇ, ತಂದೆ ನಮ್ಮವರೇ, ಮತ್ತ ನಾನು ನಾನಲ್ಲ ಅಂದ್ರ ಹೆಂಗ್ರೀ?’ ಅವಳ ಪ್ರಶ್ನೆಗೆ ವ್ಯಾಕರಣದಲ್ಲಿ ಉತ್ತರ ಇಲ್ಲ.

ಮಾಡಬಹುದಾದದ್ದು ಇಷ್ಟು. ಕಂಪ್ಯೂಟರಿಗಿಂತ ಮೊದಲು ನೀವೇ ನಿಮ್ಮ ಕಾಗದಗಳನ್ನು ಸ್ಕ್ರೂಟಿನೈಜ್ ಮಾಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಮತ್ತು ಜಾತಿ ಪ್ರಮಾಣಪತ್ರ, ಎಲ್ಲವನ್ನೂ ಒಂದು ಚಾಪೆಯ ಮೇಲೆ ಹರಡಿ. ಅಕ್ಕಿ ಹಸನು ಮಾಡುವ ಹಾಗೆಯೇ. ನಿಮ್ಮ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಎರಡು ಪದಗಳ ನಡುವೆ ಜಾಗ ಇದೆಯೋ ಇಲ್ಲವೋ, ಒಂದೊಂದಾಗಿ ಬೆರಳಿಟ್ಟು ನೋಡಿ. ವ್ಯತ್ಯಾಸ ಕಂಡರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಿದ್ದುಪಡಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಸರಿಹೊಂದಿಸುವುದು ಸಾಮಾನ್ಯವಾಗಿ ಸುಲಭದ ದಾರಿ. ಅರ್ಜಿಯ ಕೊನೆಯ ದಿನ ಇಂಟರ್‌ನೆಟ್ ಅಂಗಡಿಯಲ್ಲಿ ನಿಂತು ಮಾಡುವ ಕೆಲಸ ಇದಲ್ಲ, ಈಗಲೇ ಮಾಡಿ. ಬೇಕಾದವರು ಮಧ್ಯಾಹ್ನದ ಬಿಡುವಿನಲ್ಲಿ ಕಾಗದ ಹಿಡಿದು ಸಿಬ್ಬಂದಿ ಕೊಠಡಿಗೆ ಬನ್ನಿ, ಕೂತು ನೋಡೋಣ.

ಇನ್ನು ಪರೀಕ್ಷೆಗೆ ಬೇಕಾದ ವ್ಯಾಕರಣ. ಇದು ಸಕರ್ಮಕ ಕ್ರಿಯಾಪದ, ಕರ್ಮ ನೇರವಾಗಿ ಪಕ್ಕದಲ್ಲೇ ಬರುತ್ತದೆ. ‘ಸ್ಕ್ರೂಟಿನೈಜ್ ದಿ ಡಾಕ್ಯುಮೆಂಟ್’ ಸರಿ. ‘ಸ್ಕ್ರೂಟಿನೈಜ್ ಅಬೌಟ್’, ‘ಸ್ಕ್ರೂಟಿನೈಜ್ ಆನ್’ ತಪ್ಪು. ಕನ್ನಡದ ‘ಬಗ್ಗೆ’ ನಮ್ಮ ಇಂಗ್ಲಿಷಿನೊಳಗೆ ನುಸುಳುವುದರಿಂದ ಈ ತಪ್ಪು ಆಗುತ್ತದೆ. ನಾಮಪದಕ್ಕೆ ಮಾತ್ರ ‘ಆಫ್’ ಬೇಕು: ‘ಸ್ಕ್ರೂಟಿನಿ ಆಫ್ ಅಪ್ಲಿಕೇಶನ್ಸ್’. ‘ಅಂಡರ್ ಸ್ಕ್ರೂಟಿನಿ’ ಎಂದರೆ ಪರಿಶೀಲನೆಗೆ ಒಳಪಟ್ಟಿರುವ ಸ್ಥಿತಿ. ಪತ್ರಿಕೆಯಲ್ಲಿ ಒಬ್ಬ ವ್ಯಕ್ತಿ ಅಥವಾ ಸಂಸ್ಥೆಯ ಬಗ್ಗೆ ಹೀಗೆ ಬಂದರೆ ಅವರು ತಪ್ಪಿತಸ್ಥರು ಎಂದು ಓದಿಕೊಳ್ಳಬೇಡಿ. ನೋಡುತ್ತಿದ್ದಾರೆ ಎಂದಷ್ಟೇ ಅರ್ಥ, ತೀರ್ಪು ಬಂದಿಲ್ಲ. ‘ಕ್ಲೋಸ್ ಸ್ಕ್ರೂಟಿನಿ’ ಎಂದರೆ ಮುಚ್ಚಿದ ಬಾಗಿಲ ಪರಿಶೀಲನೆಯಲ್ಲ, ಹತ್ತಿರದಿಂದ ಮಾಡಿದ್ದು. ‘ಇನ್‌ಸ್ಕ್ರೂಟಬಲ್’ ಎಂಬ ಗುಣವಾಚಕವೂ ಈ ಕುಟುಂಬದ್ದೇ: ಎಷ್ಟು ನೋಡಿದರೂ ಒಳಗಿನದು ತಿಳಿಯದ ಮುಖಕ್ಕೋ ಮಾತಿಗೋ ಅದನ್ನು ಬಳಸುತ್ತಾರೆ. ಫಲಿತಾಂಶದ ದಿನ ಕೆಲವು ಉಪನ್ಯಾಸಕರ ಮುಖಕ್ಕೆ ನೀವು ಹೇಳಿಕೊಳ್ಳಬಹುದು.

‘ಚೆಕ್’ ಹಗುರ, ದಿನಬಳಕೆಯ ಮಾತು. ‘ವೆರಿಫೈ’ ಎಂದರೆ ಹೇಳಿದ್ದು ನಿಜವೇ ಎಂದು ಮೂಲದೊಂದಿಗೆ ಹೋಲಿಸಿ ಖಾತ್ರಿ ಮಾಡುವುದು. ‘ಇನ್‌ವೆಸ್ಟಿಗೇಟ್’ ಆಗಬೇಕಾದರೆ ಮೊದಲು ಏನೋ ನಡೆದಿರಬೇಕು, ಪೊಲೀಸರು ಮಾಡುವುದು ಅದನ್ನು. ನಮ್ಮ ‘ತನಿಖೆ’ ಎರಡೂ ಕಡೆ ಬಳಕೆಯಾಗುವುದರಿಂದ ಅನುವಾದ ಮಾಡುವಾಗ ಎಚ್ಚರ ಬೇಕು. ಬಿಹಾರ, ಉತ್ತರಪ್ರದೇಶಗಳ ಪರೀಕ್ಷಾ ಮಂಡಳಿಗಳು ಫಲಿತಾಂಶದ ನಂತರ ಉತ್ತರಪತ್ರಿಕೆಯನ್ನು ಮತ್ತೆ ನೋಡುವುದಕ್ಕೆ ‘ಸ್ಕ್ರೂಟಿನಿ’ ಎಂದೇ ಹೆಸರಿಟ್ಟಿವೆ. ನಮ್ಮಲ್ಲಿ ಮರುಎಣಿಕೆ ಬೇರೆ, ಮರುಮೌಲ್ಯಮಾಪನ ಬೇರೆ. ಮೊದಲನೆಯದರಲ್ಲಿ ಕೊಟ್ಟ ಅಂಕಗಳನ್ನು ಮತ್ತೆ ಕೂಡುತ್ತಾರೆ, ಎರಡನೆಯದರಲ್ಲಿ ಉತ್ತರಗಳನ್ನೇ ಮತ್ತೆ ಓದುತ್ತಾರೆ. ಹಣ ಕಟ್ಟುವ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು ನಿಮ್ಮ ವಿಷಯದ ಉಪನ್ಯಾಸಕರಿಗೆ ತೋರಿಸಿ.

ಅಭ್ಯಾಸಕ್ಕಾಗಿ ಐದು ವಾಕ್ಯ ಕೊಡುತ್ತೇನೆ. ಎಲ್ಲವನ್ನೂ ಇಂಗ್ಲಿಷಿಗೆ ಮಾಡಿ, ಆದರೆ ‘ಸ್ಕ್ರೂಟಿನೈಜ್’ ಎಲ್ಲದಕ್ಕೂ ಹೊಂದುವುದಿಲ್ಲ. ಹೊಂದದ ಕಡೆ ಯಾವ ಕ್ರಿಯಾಪದ ಬೇಕು, ಯಾಕೆ ಎಂದು ಒಂದು ಸಾಲು ಬರೆಯಿರಿ. ಕಂಡಕ್ಟರ್ ಟಿಕೆಟ್ ನೋಡಿದ. ಸಮಿತಿಯು ಎಲ್ಲ ಅರ್ಜಿಗಳನ್ನು ಕೂಲಂಕಷವಾಗಿ ಪರಿಶೀಲಿಸಿತು. ಪೊಲೀಸರು ಕಳ್ಳತನದ ತನಿಖೆ ನಡೆಸುತ್ತಿದ್ದಾರೆ. ವ್ಯಾಪಾರಿ ಒಂದು ಹಿಡಿ ಹತ್ತಿ ಎಳೆದು ನೋಡಿದ. ಶಾಸನದ ಪ್ರತಿಯೊಂದು ಅಕ್ಷರವನ್ನೂ ವಿದ್ವಾಂಸರು ಪರಿಶೀಲಿಸಿದರು. ಕೊನೆಯದನ್ನು ಕರ್ತರಿಯಲ್ಲೂ ಕರ್ಮಣಿಯಲ್ಲೂ ಬರೆದು ಸೋಮವಾರದೊಳಗೆ ನನ್ನ ಮೇಜಿನ ಮೇಲಿಡಿ. ಪ್ರಥಮ ವರ್ಷದವರೂ ಬರೆಯಬಹುದು.